ಹಂಡೆಯೊಲೆಯ ಹೊಗೆ ಮತ್ತು ತೊಟ್ಟಿಲ ಕೂಸು

(ಚಳಿಗಾಲದ ರಜೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪರಿಸರದ ಸಭೆಯೆಂದರೆ ಅಣೆಕಟ್ಟು, ಗಣಿ, ಅಕೇಶಿಯಾ ನೆಡುತೋಪುಗಳ ವಿಚಾರವೇ ಬರಬೇಕೆಂಬುದು ಮಲೆನಾಡಿನಲ್ಲಿ ರೂಢಿಯಾಗಿದೆ. ಅವು ದೊಡ್ಡ ಸಂಗತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಡಿಸೆಂಬರ್ ಕೊನೆಯ ರಜೆಯ ದಿನಗಳಲ್ಲಿ, ಹಸುಗೂಸಿರುವ ಒಂದು ಮನೆಯೊಳಗೆ ಕಾಡು, ನೀರು, ಗಾಳಿಗಳು ಹೇಗೆ ಬಳಕೆಯಾಗುತ್ತವೆ ಎಂಬುದನ್ನು ಗಮನಿಸಿದರೆ ಪರಿಸರದ ಪ್ರಶ್ನೆ ಹೊಸ್ತಿಲಿನಿಂದ ಒಳಗೂ ಇರುವುದು ಕಾಣುತ್ತದೆ. ಇಂದಿನ ಮಾತು ಅಷ್ಟಕ್ಕೇ ಸೀಮಿತವಾದುದು.

ಸಾಗರ, ಸೊರಬ, ಶಿರಸಿ, ಸಿದ್ದಾಪುರ, ತೀರ್ಥಹಳ್ಳಿ ಕಡೆಯ ಯಾವುದೇ ತೋಟದ ಮನೆಯನ್ನು ತೆಗೆದುಕೊಳ್ಳಬಹುದು. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಕೊನೆಗಳ ರಾಶಿ, ಜಗಲಿಯಲ್ಲಿ ಮೆಟ್ಟುಗತ್ತಿಗಳ ಸಾಲು, ರಾತ್ರಿ ಹತ್ತಾದರೂ ಮುಗಿಯದ ಸುಲಿತ, ಹಿತ್ತಲಿನಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಗಳು, ಅಳಿಯ ವರ್ಷಾಂತ್ಯದ ರಜೆಗೆಂದು ನಾಲ್ಕೈದು ತಿಂಗಳ ಕೂಸನ್ನೆತ್ತಿಕೊಂಡು ಬರುತ್ತಾರೆ. ಹೆರಿಗೆಗೆ ಬಂದ ಮಗಳಾದರೆ ಬಾಣಂತನವೂ ಅದೇ ಮನೆಯಲ್ಲಿ. ಕಾಲೇಜಿನ ಹುಡುಗರೂ ಮನೆ ಸೇರಿರುತ್ತಾರೆ. ನಾಲ್ಕು ಜನರ ಮನೆ ಹತ್ತು ಜನರ ಮನೆಯಾಗುತ್ತದೆ. ಕೂಸನ್ನು ಎತ್ತಿ ಆಡಿಸಲು ಎಲ್ಲರ ಕೈಗಳೂ ಮುಂದಾದರೂ ಅದರ ಬಟ್ಟೆ ಒಗೆಯಲು ಎರಡೇ ಕೈಗಳು ಉಳಿಯುತ್ತವೆ ಎಂಬುದನ್ನು ಇಲ್ಲಿರುವ ತಾಯಂದಿರಿಗೆ ಹೇಳಬೇಕಾಗಿಲ್ಲ.

ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎಚ್ಚರಗೊಳ್ಳುವುದು ಬಚ್ಚಲಿನ ಒಲೆ. ಬೆಳಗಿನ ಜಾವ ಹೊತ್ತಿಸಿದ ಬೆಂಕಿ ರಾತ್ರಿ ಕೊಯ್ಲಿನವರ ಮೀಯಾಣ ಮುಗಿಯುವವರೆಗೂ ಆರುವುದಿಲ್ಲ. ಅಡಿಕೆ ಹಾಳೆ, ಸೋಗೆ, ಸಿಪ್ಪೆ, ತೆಂಗಿನ ಗರಿ, ಬೆಟ್ಟದಿಂದ ತಂದ ಕುಂಟೆ, ಕೆಲವೊಮ್ಮೆ ಸರಿಯಾಗಿ ಒಣಗದ ಸೌದೆ, ಎಲ್ಲವೂ ಆ ಒಲೆಯ ಬಾಯಿಗೆ ಹೋಗುತ್ತವೆ. ಅಡುಗೆಮನೆ ಈ ಮೂರು ದಶಕಗಳಲ್ಲಿ ಬಹಳ ಬದಲಾಗಿದೆ. ಮೊದಲು ಗೋಬರ್ ಗ್ಯಾಸ್ ಬಂದಿತು. ಆಮೇಲೆ ಸಿಲಿಂಡರ್ ಬಂದಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಅನಿಲದ ಒಲೆ ತಲುಪಿತು. ಹೀಗೆ ಅಡುಗೆಮನೆಯಿಂದ ಹೊರಟ ಹೊಗೆ ಬಚ್ಚಲುಮನೆಯಲ್ಲಿ ಭದ್ರವಾಗಿ ಉಳಿದುಕೊಂಡಿತು. ಒಲೆಯ ಸುಧಾರಣೆಯ ಮಾತನಾಡಿದವರಲ್ಲಿ ಹೆಚ್ಚಿನವರು ಅಡುಗೆಯ ಒಲೆಯನ್ನು ನೋಡಿದರೇ ಹೊರತು ಹಂಡೆಯ ಒಲೆಯನ್ನು ಅಷ್ಟಾಗಿ ನೋಡಲಿಲ್ಲ.

ಕೂಸಿನ ದಿನಚರಿಯ ಮುಖ್ಯ ಕಾರ್ಯಕ್ರಮ ನಡೆಯುವುದು ಅಲ್ಲಿಯೇ. ಅಜ್ಜಿ ಮಣೆಯ ಮೇಲೆ ಕುಳಿತು ಕಾಲು ನೀಡಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಬೆಚ್ಚಗಿನ ತೆಂಗಿನೆಣ್ಣೆಯಿಂದ ಬೆನ್ನು, ತೊಡೆ, ಹಿಮ್ಮಡಿಗಳನ್ನು ನೀವುತ್ತಾಳೆ. ಹೆಸರುಹಿಟ್ಟಿನಿಂದ ಎಣ್ಣೆ ತೆಗೆದು ಚೊಂಬುಚೊಂಬಾಗಿ ನೀರು ಹೊಯ್ಯುತ್ತಾಳೆ. ಕೈಯ ಹದ, ನೀರಿನ ಹದ, ತಲೆಗೆ ನೀರು ಹೊಯ್ಯುವಾಗ ಮೂಗಿಗೆ ಇಳಿಯದಂತೆ ಅಡ್ಡ ಹಿಡಿಯುವ ಅಂಗೈ, ಇವು ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಆದರೆ ಈ ಅರ್ಧ ಗಂಟೆಯ ಕಾಲ ಹಂಡೆಯ ಒಲೆ ಪಕ್ಕದಲ್ಲಿಯೇ ಉರಿಯುತ್ತಿರುತ್ತದೆ. ಅನೇಕ ಮನೆಗಳಲ್ಲಿ ಒಲೆಯ ಬಾಯಿ ಬಚ್ಚಲಿನ ಒಳಗೇ ಇದೆ. ಚಳಿ ಬರಬಾರದೆಂದು ಬಾಗಿಲು ಮುಚ್ಚಿರುತ್ತದೆ; ಬೆಳಕಿಂಡಿಗೆ ಗೋಣಿತಾಟು ತುರುಕಿರುತ್ತದೆ. ಹಬೆಯೊಂದಿಗೆ ಹೊಗೆಯೂ ಕಲೆತು ಅಜ್ಜಿಯ ಕಣ್ಣಲ್ಲಿ ನೀರು ಬರುತ್ತದೆ. ಕೂಸು ಕಿರುಚಿದರೆ, ಮೀಯಿಸುವಾಗ ಅತ್ತರೆ ಒಳ್ಳೆಯದು, ಗಂಟಲು ಬಿಡುತ್ತದೆ ಎಂದು ಸಮಾಧಾನ ಹೇಳಲಾಗುತ್ತದೆ. ಅಳುವ ಕೂಸು ಆಳವಾಗಿ ಉಸಿರೆಳೆಯುತ್ತದೆ ಎಂಬುದನ್ನು ಯಾರೂ ನೆನೆಯುವುದಿಲ್ಲ.

ಹೊಗೆಯ ಪ್ರಕರಣ ಇಲ್ಲಿಗೆ ಮುಗಿಯದು. ಮಿಂದ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೋಣೆಗೆ ತಂದ ಮೇಲೆ ಕೆಂಡಕ್ಕೆ ಧೂಪ ಹಾಕಿ ಅದರ ತಲೆಗೆ, ಬಟ್ಟೆಗೆ ಹೊಗೆ ಕೊಡುವುದು ವಾಡಿಕೆ. ಆ ಧೂಪವಾದರೂ ಎಲ್ಲಿಯದು? ರಾಳಧೂಪದ ಮರ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಅದರ ಬುಡಕ್ಕೆ ಗಾಯ ಮಾಡಿ, ಕೆಲವೆಡೆ ಬೆಂಕಿಯನ್ನೂ ಇಟ್ಟು ರಾಳ ತೆಗೆಯುತ್ತಾರೆ. ಮಿತಿಮೀರಿ ತೆಗೆದ ಮರ ಸೊರಗಿ ಸಾಯುತ್ತದೆ. ಒಂದು ಚಿಟಿಕೆ ಧೂಪದಿಂದ ಕಾಡು ಬರಿದಾಗುವುದಿಲ್ಲ, ನಿಜ. ಆದರೆ ಕೂಸಿಗೂ ಬೇಡದ, ಮರಕ್ಕೂ ಬೇಡದ ವಾಡಿಕೆಯನ್ನು ಯಾರ ಸಲುವಾಗಿ ಉಳಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ಮನೆಯವರೇ ಕೇಳಿಕೊಳ್ಳಬೇಕು.

ಇದಕ್ಕಿಂತ ಅಪಾಯಕರವಾದುದು ಬಾಣಂತಿಯ ಮಂಚದ ಕೆಳಗೆ ಇಡುವ ಕೆಂಡದ ಅಗ್ಗಿಷ್ಟಿಕೆ. ಕೆಂಡದಲ್ಲಿ ಹೊಗೆಯಿಲ್ಲ, ಆದ್ದರಿಂದ ತೊಂದರೆಯಿಲ್ಲ ಎಂಬ ಭಾವನೆ ಬಲವಾಗಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ನಿದ್ರೆಯಲ್ಲಿರುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ಬಾಗಿಲು, ಕಿಟಕಿ ಮುಚ್ಚಿ ಕೆಂಡವಿಟ್ಟು ಮಲಗುವುದನ್ನು ಈ ಚಳಿಗಾಲದಲ್ಲಿಯೇ ನಿಲ್ಲಿಸಬೇಕು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ದೊಡ್ಡವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತಾರೆ. ಹುಟ್ಟಿದ ಕೂಸು ಮೂವತ್ತರಿಂದ ಅರವತ್ತು ಬಾರಿ ಉಸಿರಾಡುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಅದು ಒಳಗೆಳೆಯುವ ಗಾಳಿಯ ಪ್ರಮಾಣ ಹೆಚ್ಚು. ಶ್ವಾಸನಾಳಗಳು ಬಲು ಕಿರಿದು. ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದೂ, ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಈ ಸಾವುಗಳಿಗೆ ಹೊಗೆಯೆಂದು ಹೆಸರು ಬರುವುದಿಲ್ಲ. ಕಫ, ಶೀತ, ನ್ಯುಮೋನಿಯಾ ಎಂದು ಬರೆಯಲಾಗುತ್ತದೆ.

ಹಾಗಾದರೆ ಅಜ್ಜಿಯ ಕ್ರಮವೆಲ್ಲ ತಪ್ಪೇ ಎಂದು ಕೇಳಬಹುದು. ಖಂಡಿತ ಅಲ್ಲ. ಚಳಿಗಾಲದಲ್ಲಿ ಕೂಸನ್ನು ಬೆಚ್ಚಗಿಡಬೇಕೆಂಬ ಅವಳ ತಿಳಿವಳಿಕೆ ಸಂಪೂರ್ಣ ಸರಿ. ಚಿಕ್ಕ ದೇಹ ಬೇಗ ತಣ್ಣಗಾಗುತ್ತದೆ. ಕುಲಾವಿ, ಪದರಪದರವಾದ ಹತ್ತಿಯ ಬಟ್ಟೆ, ಎಣ್ಣೆ ನೀವುವುದು, ತಾಯಿಯ ಮೈಗೆ ಮೈ ತಾಗಿಸಿ ಮಲಗಿಸುವುದು, ಎಲ್ಲವೂ ವೈದ್ಯರು ಒಪ್ಪುವ ಕ್ರಮಗಳು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಬಿಸಿನೀರು ಕುಡಿಸುವ ಅಗತ್ಯವಿಲ್ಲ. ಕೂಸಿಗೆ ಬೇಕಾದುದು ಬಿಸುಪು, ಹೊಗೆಯಲ್ಲ. ಇವೆರಡೂ ಒಂದೇ ಒಲೆಯಿಂದ ಬರುತ್ತಿದ್ದ ಕಾಲದಲ್ಲಿ ಬೇರ್ಪಡಿಸುವ ಉಪಾಯವಿರಲಿಲ್ಲ. ಈಗ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ಹಿರಿಯರು ಬಲ್ಲರು. ಗಾಳಿಯನ್ನು ಅಳತೆಗೆ ತಕ್ಕಂತೆ ಒಳಬಿಟ್ಟು, ಬೆಂಕಿಯನ್ನು ಪಾತ್ರೆಯ ತಳಕ್ಕೆ ತಾಗಿಸಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನ ಮೇಲೆ ಕಳುಹಿಸುವುದು ಅದರ ತತ್ತ್ವ. ಹಂಡೆಯ ಒಲೆಗೂ ಇದೇ ತತ್ತ್ವ ಸಲ್ಲುತ್ತದೆ. ಹೊಸದಾಗಿ ಕಟ್ಟಿಸುವವರು ಒಲೆಯ ಬಾಯನ್ನು ಗೋಡೆಯ ಹೊರಮೈಗೆ ಇಟ್ಟರೆ ಬಚ್ಚಲಿನಲ್ಲಿ ಬಿಸಿನೀರು ಮಾತ್ರ ಉಳಿಯುತ್ತದೆ. ಕಟ್ಟಿದ ಒಲೆಗೂ ಹೊಗೆಕೊಳವೆ ಇಡಿಸಬಹುದು. ಆದರೆ ಕೊಳವೆ ಇಟ್ಟರೆ ಸಾಲದು, ಕಾಲಕಾಲಕ್ಕೆ ಮಸಿ ತೆಗೆಯಬೇಕು. ಮಸಿ ಕಟ್ಟಿಕೊಂಡ ಕೊಳವೆ ಹೊಗೆಯನ್ನು ಮರಳಿ ಒಳಕ್ಕೇ ತಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಸುಧಾರಿತ ಒಲೆ ಕೆಟ್ಟ ಹೆಸರು ಪಡೆದದ್ದು ಈ ಒಂದು ಕಾರಣಕ್ಕೆ. ರಜೆಗೆ ಬಂದ ಹುಡುಗರು ಏಣಿಯಿಟ್ಟು ಕೊಳವೆ ಬಡಿದು ಮಸಿ ಉದುರಿಸಿದರೆ ಅದು ಹಲವು ಘೋಷಣೆಗಳಿಗಿಂತ ಮೇಲಾದ ಪರಿಸರ ಕಾರ್ಯ.

ಸೂರ್ಯನ ಬಿಸಿಯಿಂದ ನೀರು ಕಾಯಿಸುವ ಸಾಧನ ಮಲೆನಾಡಿಗೆ ಒಗ್ಗದು ಎಂಬ ಮಾತಿದೆ. ಮಳೆಗಾಲಕ್ಕೆ ಅದು ನಿಜ. ಚಳಿಗಾಲದಲ್ಲಿ ಬೆಳಗಿನ ಮಂಜು ಕರಗಿದ ಮೇಲೆ ಇಡೀ ದಿನ ನಿರ್ಮಲ ಬಿಸಿಲು ಇರುತ್ತದೆ. ಕೂಸಿನ ಸ್ನಾನವನ್ನು ನಸುಕಿನಿಂದ ಮಧ್ಯಾಹ್ನದ ಹೊತ್ತಿಗೆ ಬದಲಾಯಿಸಿದರೆ ಬಿಸಿಲಿನ ನೀರೂ ಸಿಗುತ್ತದೆ, ಚಳಿಯೂ ತಪ್ಪುತ್ತದೆ. ಹಣವಿಲ್ಲದ ಮನೆಯಲ್ಲಿ ಕೂಸಿಗೆ ಬೇಕಾದ ಎರಡು ಬಿಂದಿಗೆ ನೀರನ್ನಾದರೂ ಅನಿಲದ ಒಲೆಯಲ್ಲಿ ಕಾಯಿಸಬಹುದು. ಗೋಬರ್ ಗ್ಯಾಸ್ ಇರುವವರಿಗೆ ಚಳಿಗಾಲದಲ್ಲಿ ಅನಿಲ ಕಡಿಮೆಯಾಗುವುದು ಅನುಭವಕ್ಕೆ ಬಂದ ಸಂಗತಿ. ಗುಂಡಿಯೊಳಗಿನ ಜೀವಾಣುಗಳಿಗೂ ಚಳಿ ಆಗದು. ಸಗಣಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಬಿಸಿಲೇರಿದ ಮೇಲೆ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ.

ಸೌದೆಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬೇಕು. ಬಚ್ಚಲೊಲೆಗೆ ಒಂದು ದಿನಕ್ಕೆ ಹೋಗುವ ಕಟ್ಟಿಗೆಯನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ ಒಂದು ವಾರ ಬರೆದಿಟ್ಟರೆ ಸಾಕು. ಅದರಲ್ಲಿ ತೋಟದ ಹಾಳೆ, ಸಿಪ್ಪೆ ಎಷ್ಟು, ಬೆಟ್ಟದ ಮರ ಎಷ್ಟು ಎಂದು ಬೇರೆಬೇರೆ ಬರೆಯಬೇಕು. ಸೊಪ್ಪಿನ ಬೆಟ್ಟಗಳು ಬೋಳಾದುದಕ್ಕೆ ಹೊರಗಿನವರನ್ನು ಮಾತ್ರ ದೂರುವ ಅಭ್ಯಾಸ ಆ ಪುಟವನ್ನು ನೋಡಿದ ಮೇಲೆ ತುಸು ಕಡಿಮೆಯಾಗಬಹುದು.

ಕೊಯ್ಲಿನ ಕಾಲದ ಮನೆಯಲ್ಲಿ ಹೊಗೆಯಲ್ಲದೆ ಇನ್ನೊಂದು ಎಚ್ಚರವೂ ಬೇಕು. ಚಳಿಗಾಲ ಕೊಟ್ಟಿಗೆಗೆ ತರಗೆಲೆ ತರುವ ಕಾಲ. ಅದೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. 2019ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಅದು ಜೀವಗಳನ್ನು ತೆಗೆದುಕೊಂಡಿತು. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಅದು ಇದ್ದ ಕಾಲದಲ್ಲಿಯೂ ಹಸುಗೂಸುಗಳಿಗೆ ಕೊಡುವುದಾಗಿರಲಿಲ್ಲ. ಆದುದರಿಂದ ಬೆಟ್ಟದಿಂದ ಬಂದವರು ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಮಿಂದ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು. ತರಗೆಲೆಯ ಹೊರೆಯ ಪಕ್ಕದಲ್ಲಿ ಜೋಲಿ ಕಟ್ಟಬಾರದು.

ನಗರದಿಂದ ಬರುವ ಕೂಸಿನೊಡನೆ ಡೈಪರ್ ಚೀಲವೂ ಬರುತ್ತದೆ. ದಿನಕ್ಕೆ ಆರರಂತೆ ಹತ್ತು ದಿನದ ರಜೆಗೆ ಅರವತ್ತು. ರಾತ್ರಿಯೆಲ್ಲ ಎದ್ದು ಬಟ್ಟೆ ಬದಲಿಸುವ ತಾಯಿಗೆ ಅದೊಂದು ಬಿಡುವು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರ ಮೈ ಪ್ಲಾಸ್ಟಿಕ್. ಒಳಗಿನ ನೀರು ಹೀರುವ ಪುಡಿಯೂ ಕೃತಕ ರಾಸಾಯನಿಕ. ಗೊಬ್ಬರದ ಗುಂಡಿಯಲ್ಲಿ ಅದು ಕೊಳೆಯುವುದಿಲ್ಲ. ನಾಯಿಗಳು ಎಳೆದಾಡಿದ್ದು ಹಳ್ಳಕ್ಕೆ ಬಿದ್ದು, ಮುಂದೆ ಶರಾವತಿಗೋ ಅಘನಾಶಿನಿಗೋ ಸೇರುತ್ತದೆ. ಹಲವರು ಕಂಡುಕೊಂಡ ಪರಿಹಾರ ಅದನ್ನು ಹಂಡೆಯ ಒಲೆಗೆ ಹಾಕುವುದು. ಸೌದೆಯ ಹೊಗೆಗೆ ಪ್ಲಾಸ್ಟಿಕ್ ಹೊಗೆ ಸೇರಿ, ಮರುದಿನ ಅದೇ ಒಲೆಯ ಮುಂದೆ ಅದೇ ಕೂಸಿಗೆ ಸ್ನಾನ! ಬಳಸಿದ ಡೈಪರನ್ನು ಸುತ್ತಿ ಒಣಕಸದ ಬುಟ್ಟಿಗೆ ಹಾಕಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಕಸದ ಗಾಡಿ ಬಾರದ ಊರಿನಲ್ಲಿ ತಂದವರೇ ಮರಳಿ ಒಯ್ಯುವುದು ನ್ಯಾಯ. ಹಗಲು ಹಳೆಯ ಪಂಚೆ, ಸೀರೆಯ ಬಟ್ಟೆ ಕಟ್ಟಬಹುದು. ಮಳೆಗಾಲದಂತೆ ಒಲೆಯ ಮೇಲೆ ಒಣಗಿಸುವ ಪಾಡು ಈಗಿಲ್ಲ, ಬಿಸಿಲಿದೆ. ಒಗೆಯುವ ಕೆಲಸ ಅಪ್ಪನದೂ ಮಾವನದೂ ಆದರೆ ಡೈಪರಿನ ಸಂಖ್ಯೆ ತಾನಾಗಿ ಇಳಿಯುತ್ತದೆ.

ಇಷ್ಟಾಗಿಯೂ ಕೂಸಿಗೆ ಕೆಮ್ಮು, ಶೀತ ಬರಬಹುದು. ಆಗ ಮನೆಯ ವಿದ್ಯಾರ್ಥಿ ಮಾಡಬಹುದಾದ ಒಂದು ಕೆಲಸವಿದೆ. ಕೂಸು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಸರಿಸಿ, ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ ಹೊಟ್ಟೆ ಏರುವುದನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ ಐವತ್ತು ಅಥವಾ ಹೆಚ್ಚು, ಅದರ ಮೇಲಿನ ಐದು ವರ್ಷದವರೆಗಿನ ಮಕ್ಕಳಿಗೆ ನಲವತ್ತು ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು; ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟರೆ, ಎಚ್ಚರಿಸಿದರೂ ಏಳದಂತೆ ಮಂಕಾಗಿದ್ದರೆ ತಡಮಾಡುವಂತಿಲ್ಲ. ಎಣಿಕೆಯನ್ನು ಬೆಳಗಿನಲ್ಲಿಯೇ ಮಾಡುವುದು ಲೇಸು. ಮಧ್ಯಾಹ್ನದೊಳಗೆ ನಿರ್ಧಾರವಾದರೆ ತಾಲ್ಲೂಕು ಆಸ್ಪತ್ರೆಗೆ ಬಸ್ಸು ಸಿಗುತ್ತದೆ. ಕತ್ತಲಾದ ಮೇಲೆ ಘಟ್ಟದ ದಾರಿಯಲ್ಲಿ ಗಾಡಿ ಹುಡುಕುವುದು, ಫೋನಿಗೆ ಸಿಗ್ನಲ್ ಹುಡುಕಿ 108ಕ್ಕೆ ಕರೆ ಮಾಡುವುದು ಎಷ್ಟು ಕಷ್ಟವೆಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತಿದೆ.