ಅಭಿಮಾನಕ್ಕೊಂದು ದಾರಿ

(ಬಾನುಲಿ ಭಾಷಣ)

ಸಿನಿಮಾ ನೋಡಿ ಹುಡುಗರು ಕೆಟ್ಟುಹೋಗುತ್ತಾರೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಸಿನಿಮಾ ಬರುವುದಕ್ಕೆ ಮುಂಚೆ ಈ ಆರೋಪ ಕಂಪೆನಿ ನಾಟಕಗಳ ಮೇಲಿತ್ತು. ಆಮೇಲೆ ಕಾದಂಬರಿಗಳ ಮೇಲೆ ಬಂತು. ಅ. ನ. ಕೃಷ್ಣರಾಯರು 'ನಗ್ನಸತ್ಯ', 'ಸಂಜೆಗತ್ತಲು', 'ಶನಿಸಂತಾನ' ಕಾದಂಬರಿಗಳನ್ನು ಬರೆದಾಗ ಎದ್ದ ಗದ್ದಲ ಸಾಮಾನ್ಯವಾದುದಲ್ಲ. ಅದಕ್ಕೆ ಸಮಾಧಾನವಾಗಿ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಈಗ ಅದೇ ಆರೋಪ ಕೈಯಲ್ಲಿರುವ ಮೊಬೈಲಿನ ಮೇಲೆ ಬಂದು ಕುಳಿತಿದೆ. ಆರೋಪ ಹಳೆಯದೆಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಎಲ್ಲರೂ ಹೇಳುತ್ತಾರೆಂದ ಮಾತ್ರಕ್ಕೆ ನಿಜವೂ ಆಗುವುದಿಲ್ಲ. ಆದ್ದರಿಂದ ನಮ್ಮ ಕಣ್ಣೆದುರಿಗೇ ನಡೆದುಹೋದ ಕೆಲವು ಸಂಗತಿಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬಹುದೆಂದು ನನ್ನ ಅಪೇಕ್ಷೆ.

ಕನ್ನಡ ಚಿತ್ರರಂಗದಲ್ಲಿ 1972 ಒಂದು ವಿಶೇಷವಾದ ವರ್ಷ. 'ಬಂಗಾರದ ಮನುಷ್ಯ', 'ಶರಪಂಜರ', 'ನಾಗರಹಾವು' ಈ ಮೂರು ಚಿತ್ರಗಳು ಬಂದದ್ದು ಆ ವರ್ಷದ ಆಸುಪಾಸಿನಲ್ಲೇ. ಮೂರಕ್ಕೂ ಮೂಲ ಕನ್ನಡ ಕಾದಂಬರಿಗಳು. ಮೊದಲನೆಯದಕ್ಕೆ ಟಿ. ಕೆ. ರಾಮರಾಯರ ಕೃತಿ, ಎರಡನೆಯದಕ್ಕೆ ತ್ರಿವೇಣಿಯವರದು, ಮೂರನೆಯದಕ್ಕೆ ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳು. ನಾನು ಆಗ ಹೈಸ್ಕೂಲಿನ ಹುಡುಗ. ಮನೆಯಲ್ಲಿ ಹೆಂಗಸರು ಗ್ರಂಥಾಲಯದಿಂದ ತರಿಸಿ ಓದಿದ ಕತೆಯನ್ನೇ ಗಂಡಸರೂ ಮಕ್ಕಳೂ ಟಾಕೀಸಿನಲ್ಲಿ ನೋಡಿ ಬರುತ್ತಿದ್ದರು. ಆಮೇಲೆ ಊಟದ ಹೊತ್ತಿನಲ್ಲಿ ಪುಸ್ತಕ ಹೆಚ್ಚೋ ಚಿತ್ರ ಹೆಚ್ಚೋ ಎಂದು ಜಗಳ. ಆ ಜಗಳದಲ್ಲಿ ಮಕ್ಕಳಿಗೂ ಒಂದು ಪಾಲಿತ್ತು.

ಸಿದ್ಧಲಿಂಗಯ್ಯನವರ 'ಬಂಗಾರದ ಮನುಷ್ಯ' ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಂತು, ಬರಡು ನೆಲವನ್ನು ಹಸನು ಮಾಡುವ ರಾಜೀವನ ಕತೆಯನ್ನು ನೋಡಿ, ಪಟ್ಟಣದ ಕೆಲಸ ಬಿಟ್ಟು ಊರಿಗೆ ಹೋಗಿ ಬೇಸಾಯ ಹಿಡಿದ ತರುಣರಿದ್ದಾರೆಂಬ ಮಾತು ಇಂದಿಗೂ ಪ್ರಸಿದ್ಧವಾಗಿದೆ. ಈ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಊರಿನಲ್ಲಿ ಹೊಲವಿದ್ದವನು ಹಿಂದಿರುಗಿದ. ಹೊಲವೇ ಇಲ್ಲದವನಿಗೆ ಚಿತ್ರ ಕೊಡಬಲ್ಲದ್ದು ಆಸೆಯನ್ನು ಮಾತ್ರ. ಗೇಣಿದಾರನಿಗೆ ತಾನು ಉಳುವ ಭೂಮಿ ದಕ್ಕಬೇಕಾದರೆ 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಬೇಕಾಯಿತು. ಚಿತ್ರ ಮನಸ್ಸನ್ನು ಹದ ಮಾಡಿತು. ಬಿತ್ತುವುದಕ್ಕೆ ನೆಲವನ್ನು ಬೇರೆಯವರು ಒದಗಿಸಬೇಕಾಯಿತು. ಕಲೆಯ ಪ್ರಭಾವ ಎಂದು ನಾವು ಸುಲಭವಾಗಿ ಕರೆಯುವ ವಸ್ತುವಿಗೆ ಹೀಗೆ ಎರಡು ಭಾಗಗಳುಂಟು.

'ನಾಗರಹಾವು' ಚಿತ್ರದ ಪಾಡು ಇನ್ನೊಂದು ಬಗೆಯದು. ರಾಮಾಚಾರಿಯ ಸಿಟ್ಟು, ನಡಿಗೆ, ಮಾತಿನ ಧಾಟಿ ಇವೆಲ್ಲ ನಾಡಿನ ಶಾಲೆ ಕಾಲೇಜುಗಳ ಹುಡುಗರಿಗೆ ಅಂಟಿಕೊಂಡವು. ಹಿರಿಯರು ಅದನ್ನು ಕಂಡು ಹುಬ್ಬುಗಂಟಿಕ್ಕಿದರು. ಆದರೆ ಆ ಕತೆಯ ನಡುವೆ ಇರುವ ಪ್ರಶ್ನೆ ಹುಡುಗನನ್ನು ಕುರಿತದ್ದಲ್ಲ, ಮೇಷ್ಟರನ್ನು ಕುರಿತದ್ದು. ಚಾಮಯ್ಯ ಮೇಷ್ಟರು ಶಿಷ್ಯನನ್ನು ಮಗನಂತೆ ಪ್ರೀತಿಸುತ್ತಾರೆ. ಆ ಪ್ರೀತಿಯ ಅಧಿಕಾರದಿಂದಲೇ ಅಲಮೇಲುವನ್ನು ಬಿಟ್ಟುಕೊಡುವಂತೆ ಮಾಡುತ್ತಾರೆ. ಅವಳ ಬಾಳು ಮುಂದೆ ಹಾಳಾಗುತ್ತದೆ. ಹಿರಿಯರ ಮಾತಿನ ಹೊಣೆಯೇನು ಎಂಬ ಈ ಪ್ರಶ್ನೆಯನ್ನು ಹಿರಿಯರು ಚರ್ಚೆಗೆ ಎತ್ತಿಕೊಂಡದ್ದು ಕಡಮೆ. ತರುಣರ ಕೈಗೆ ರಾಮಾಚಾರಿಯ ಅಂಗಿ ಮಾತ್ರ ಉಳಿಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದ ನಾನು ಕಂಡದ್ದಿಷ್ಟು: ತರುಣರು ಅನುಕರಿಸುವುದನ್ನು ಯಾರೂ ತಡೆಯಲಾರರು, ಆದರೆ ಏನನ್ನು ಅನುಕರಿಸುತ್ತಾರೆಂಬುದು ಅವರ ಸುತ್ತ ನಡೆಯುವ ಮಾತನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಇನ್ನು ನಟರ ಮೇಲಣ ಅಭಿಮಾನ. ಸಂಸ್ಕೃತದಲ್ಲಿ ಈ ಮಾತಿಗೆ ಗರ್ವ, ಅಹಂಕಾರ ಎಂಬ ಅರ್ಥಗಳುಂಟು. ಕನ್ನಡ ಅದನ್ನು ಪಡೆದುಕೊಂಡು ಪ್ರೀತಿ, ಗೌರವ, ತನ್ನದೆಂಬ ಮಮತೆ ಎಂಬ ಅರ್ಥಗಳನ್ನು ಅದಕ್ಕೆ ತುಂಬಿತು. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆದಾಗ ಆ ಮಾತು ಇನ್ನೂ ಒಂದು ಮೆಟ್ಟಿಲು ಏರಿತು. ಆದರೆ ಹಳೆಯ ಅರ್ಥ ಸಾಯಲಿಲ್ಲ. ಅದು ಒಳಗೆ ಮಲಗಿದೆ, ಆಗಾಗ ಏಳುತ್ತದೆ.

2006ರ ಏಪ್ರಿಲ್ 12ರಂದು ರಾಜಕುಮಾರರು ತೀರಿಕೊಂಡರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ಅವರ ಹೆಸರಿನ ನೇತ್ರ ಭಂಡಾರ ಬೆಂಗಳೂರಿನಲ್ಲಿ 1994ರಿಂದಲೇ ಕೆಲಸ ಮಾಡುತ್ತಿತ್ತು. ಆದರೆ ಅದೇ ದಿನ, ಮರುದಿನ, ಅದೇ ಬೆಂಗಳೂರಿನ ಬೀದಿಗಳಲ್ಲಿ ಬಸ್ಸುಗಳು ಉರಿದವು, ಕಲ್ಲುಗಳು ಬಿದ್ದವು. ಒಬ್ಬ ಪೊಲೀಸಿನವನೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಅಂತಿಮ ದರ್ಶನಕ್ಕೆ ತಕ್ಕ ಏರ್ಪಾಡಾಗಲಿಲ್ಲವೆಂಬ ಟೀಕೆ ಆಗ ಎಲ್ಲೆಡೆ ಕೇಳಿಬಂತು. ಹದಿನೈದು ವರ್ಷಗಳ ಮೇಲೆ, 2021ರ ಅಕ್ಟೋಬರ್ 29ರಂದು, ಅವರ ಕಿರಿಯ ಮಗ ಪುನೀತ್ ರಾಜಕುಮಾರ್ ನಾಲ್ವತ್ತಾರನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು. ಅಂದೂ ಜನಸಾಗರವೇ, ಅಂದೂ ದುಃಖವೇ. ಆದರೆ ಕಂಠೀರವ ಕ್ರೀಡಾಂಗಣದಲ್ಲಿ ಪಾರ್ಥಿವ ಶರೀರವನ್ನಿಟ್ಟು, ಸಾಲು ಮಾಡಿ, ಬಂದವರೆಲ್ಲ ನೋಡಿ ಹೋಗಲು ಅವಕಾಶ ಕಲ್ಪಿಸಲಾಯಿತು. ಅಳುವುದಕ್ಕೆ ಒಂದು ಜಾಗ ಸಿಕ್ಕಿತು, ನಗರ ಉರಿಯಲಿಲ್ಲ.

ಅವರ ಕಣ್ಣುಗಳೂ ದಾನವಾದವು. ಕಣ್ಣಿನ ಮುಂಭಾಗದ ಪಾರದರ್ಶಕವಾದ ಪೊರೆಯನ್ನು ವೈದ್ಯರು ಮೇಲಿನ ಪದರ, ಒಳಗಿನ ಪದರ ಎಂದು ಬೇರ್ಪಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಆ ಸುದ್ದಿ ಹರಡಿದ ಮೇಲೆ ಕರ್ನಾಟಕದಲ್ಲಿ ಸಾವಿರಾರು ಜನ, ಅವರಲ್ಲಿ ಬಹುಪಾಲು ತರುಣರು, ನೇತ್ರದಾನಕ್ಕೆ ಹೆಸರು ಬರೆಸಿದರು. ಎಷ್ಟೋ ವರ್ಷಗಳ ಭಿತ್ತಿಪತ್ರಗಳೂ ಭಾಷಣಗಳೂ ಮಾಡಲಾರದ ಕೆಲಸ ಕೆಲವು ವಾರಗಳಲ್ಲಿ ಆಯಿತು. ಇದು ಜನಪ್ರಿಯ ಕಲೆಯ ಶಕ್ತಿಯಲ್ಲವೆ ಎಂದು ಯಾರಾದರೂ ಕೇಳಿದರೆ, ಹೌದು ಎನ್ನಲೇಬೇಕು.

ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕಾಗಿದೆ. 2024ರ ಜನವರಿ 8 ನಟ ಯಶ್ ಅವರ ಹುಟ್ಟುಹಬ್ಬ. ಅದರ ಸಂಭ್ರಮಕ್ಕೆಂದು ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ರಾತ್ರಿಯ ಹೊತ್ತು ದೊಡ್ಡ ಫಲಕವನ್ನು ನಿಲ್ಲಿಸುತ್ತಿದ್ದ ಹುಡುಗರಿಗೆ ವಿದ್ಯುತ್ ತಂತಿ ತಗುಲಿತು. ಮೂವರು ತರುಣರು ಸತ್ತರು. ನಟರು ಅಂದೇ ಆ ಊರಿಗೆ ಹೋಗಿ ಮನೆಯವರನ್ನು ಕಂಡು, ಇಂಥ ಅಭಿಮಾನ ಬೇಡವೆಂದು ಕೇಳಿಕೊಂಡರು. ಆ ಮಾತು ಯೋಗ್ಯವಾದದ್ದೇ. ಆದರೆ ಅದು ತಲಪುವ ಹೊತ್ತಿಗೆ ಮೂರು ಮನೆಗಳ ದೀಪ ಆರಿತ್ತು.

ಕೇಳುಗರು ದಯವಿಟ್ಟು ಯೋಚಿಸಬೇಕು. ಕಣ್ಣು ಬರೆಸಿದ ಹುಡುಗ, ಫಲಕ ಕಟ್ಟಲು ಹೋದ ಹುಡುಗ ಇವರಿಬ್ಬರೂ ಬೇರೆ ಬೇರೆ ಜಾತಿಯ ಪ್ರಾಣಿಗಳೇನಲ್ಲ. ಇಬ್ಬರೂ ಒಂದೇ ಬಗೆಯ ಚಿತ್ರ ನೋಡಿದವರು, ಒಂದೇ ಬಗೆಯ ಹಾಡು ಗುನುಗಿದವರು. ಇಬ್ಬರ ಎದೆಯಲ್ಲಿದ್ದದ್ದೂ ತನ್ನನ್ನು ಮೀರಿದ ಯಾವುದಕ್ಕಾದರೂ ತನ್ನನ್ನು ಕೊಟ್ಟುಕೊಳ್ಳಬೇಕೆಂಬ ಹಂಬಲ. ಅದು ಕೆಟ್ಟ ಹಂಬಲವಲ್ಲ. ಯೌವನದ ಲಕ್ಷಣವೇ ಅದು. ವ್ಯತ್ಯಾಸವಿರುವುದು ಒಂದೇ ಕಡೆ: ಒಬ್ಬನ ಹಂಬಲಕ್ಕೆ ದಾರಿ ಸಿದ್ಧವಾಗಿತ್ತು. 1994ರಿಂದ ಯಾರೋ ಕೆಲವರು ಸದ್ದಿಲ್ಲದೆ ಆ ನೇತ್ರ ಭಂಡಾರವನ್ನು ನಡೆಸಿಕೊಂಡು ಬಂದಿದ್ದರು. ಸಾವಾದ ಆರು ಗಂಟೆಯೊಳಗೆ ಬಂದು ಕಣ್ಣು ತೆಗೆದುಕೊಂಡು ಹೋಗುವ ಜನ, ಸಲಕರಣೆ, ವ್ಯವಸ್ಥೆ ಎಲ್ಲವೂ ಇತ್ತು. ಇನ್ನೊಬ್ಬನ ಊರಿನಲ್ಲಿ ಆ ರಾತ್ರಿ ಅವನ ಕೈಗೆ ಸಿಕ್ಕಿದ್ದು ಒಂದು ಫಲಕ, ಒಂದು ತಂತಿ. ಅಷ್ಟೇ.

ಆದ್ದರಿಂದ ಸಿನಿಮಾ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗಿಂತ, ಅದು ಎಬ್ಬಿಸುವ ಭಾವವನ್ನು ಬರಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಏನಿದೆ ಎಂಬ ಪ್ರಶ್ನೆ ದೊಡ್ಡದೆಂದು ನನಗೆ ತೋರುತ್ತದೆ. ದಾರಿಯಿದ್ದರೂ ಸಾಲದು, ಮನೆಯವರು ಜೊತೆಗಿರಬೇಕು. ಕಣ್ಣು ಬರೆಸಿದವನ ಕಣ್ಣು ಇನ್ನೊಬ್ಬನಿಗೆ ಸಿಗುವುದು, ಆ ಘಳಿಗೆಯಲ್ಲಿ ಮನೆಯವರು ಒಪ್ಪಿ ಸುದ್ದಿ ಮುಟ್ಟಿಸಿದಾಗ ಮಾತ್ರ. ಮಗ ಹೆಸರು ಬರೆಸಿದ್ದು ತಾಯಿ ತಂದೆಗೆ ಗೊತ್ತೇ ಇಲ್ಲದಿದ್ದರೆ ಆ ಸಂಕಲ್ಪ ಕಾಗದದಲ್ಲೇ ಉಳಿಯುತ್ತದೆ.

ಇಲ್ಲಿಯೇ ನನಗೆ ಇಂದಿನ ಕಾಲದ ಕಷ್ಟ ಕಾಣುವುದು. ನಾನಿರುವುದು ಬೆಂಗಳೂರಿನ ಪೂರ್ವಕ್ಕೆ, ಮಹದೇವಪುರದಲ್ಲಿ. ಹಿಂದೆ ಕಾರ್ಖಾನೆಗಳ ಸೈರನ್ನಿಗೆ ಏಳುತ್ತಿದ್ದ ಪ್ರದೇಶವಿದು. ಆಗ ಕಾರ್ಖಾನೆಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ನಾಟಕವಾಡಿಸುತ್ತಿದ್ದವು. ಇಂದು ವೈಟ್‌ಫೀಲ್ಡ್ ರಸ್ತೆಯ ಇಕ್ಕೆಲಗಳಲ್ಲಿ ಗಾಜಿನ ಕಟ್ಟಡಗಳು, ನಡುವೆ 2023ರಲ್ಲಿ ಬಂದ ಮೆಟ್ರೋ ರೈಲು. ಸಿಂಗಯ್ಯನಪಾಳ್ಯದ ನಿಲ್ದಾಣದಲ್ಲಿ ಹತ್ತಿ ಕುಳಿತರೆ ಸುತ್ತ ಐದಾರು ಭಾಷೆಗಳ ತರುಣರು. ಭಾಷೆ ಹಲವಾಗಿರುವುದು ನನಗೆ ಚಿಂತೆಯಲ್ಲ. ದಂಡು ಪ್ರದೇಶದ ಬೆಂಗಳೂರು ಎಂದೂ ಹಾಗೆಯೇ ಇತ್ತು. ಚಿಂತೆ ಏನೆಂದರೆ, ಅಲ್ಲಿ ಕುಳಿತ ಪ್ರತಿಯೊಬ್ಬರ ಅಂಗೈಯಲ್ಲೂ ಬೇರೆ ಬೇರೆ ಚಿತ್ರ ಓಡುತ್ತಿದೆ. ಯಾವ ದೃಶ್ಯದ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತೆಂದು ಆ ಯಂತ್ರ ಲೆಕ್ಕವಿಟ್ಟು, ಅಂಥದ್ದನ್ನೇ ಮತ್ತೆ ಮತ್ತೆ ತಂದು ಬಡಿಸುತ್ತದೆ. ಸಿಟ್ಟಿನ ಮೇಲೆ ನಿಂತವನಿಗೆ ಸಿಟ್ಟು, ಸೊಗಸಿನ ಮೇಲೆ ನಿಂತವಳಿಗೆ ಸೊಗಸು. ಸ್ಟೇಟ್ಸ್ ಚಿತ್ರಮಂದಿರದಲ್ಲಿ ರಾಜೀವನನ್ನು ಕಂಡವರು ನೂರಾರು ಜನರ ನಡುವೆ ಕಂಡರು. ಮನೆಗೆ ಬಂದರೆ ಅದೇ ಚಿತ್ರ ಕಂಡ ಅಪ್ಪನಿದ್ದ, ಅತ್ತೆಯಿದ್ದರು. ಇಂದು ಒಂದೇ ಮನೆಯ ನಾಲ್ವರು ನಾಲ್ಕು ಲೋಕಗಳನ್ನು ನೋಡಿ ಒಂದೇ ಮೇಜಿಗೆ ಊಟಕ್ಕೆ ಬರುತ್ತಾರೆ. ಮಗನ ಮನಸ್ಸಿನಲ್ಲಿ ಏನು ಬೆಳೆಯುತ್ತಿದೆ ಎಂಬುದು ತಂದೆಗೆ ತಿಳಿಯುವುದೇ ಇಲ್ಲ.

ಆದರೂ ನಿರಾಶೆಗೆ ಕಾರಣವಿಲ್ಲ. 2022ರಲ್ಲಿ 'ಕಾಂತಾರ' ಬಂದಾಗ, ಕರಾವಳಿಯನ್ನು ಕಂಡೇ ಇರದ ಇಲ್ಲಿನ ಹುಡುಗರ ಬಾಯಲ್ಲಿ ಪಂಜುರ್ಲಿ, ಗುಳಿಗ ಎಂಬ ಹೆಸರುಗಳು ನಲಿದವು. ಕೆಲವರು ದೈವದ ವೇಷ ಹಾಕಿ ಕೂಗಿದರು; ಅದು ತಮ್ಮ ನಂಬಿಕೆಗೆ ಅಪಚಾರವೆಂದು ತುಳುನಾಡಿನವರು ನೊಂದುಕೊಂಡರು. ನೊಂದುಕೊಂಡದ್ದು ನ್ಯಾಯವೇ. ಆದರೆ ಆ ಕೂಗಿನ ಹಿಂದೆ ಒಂದು ಕುತೂಹಲವಿತ್ತು. ಅದಕ್ಕೂ ದಾರಿಯುಂಟು: ತುಳುವಿನ ಪಾಡ್ದನಗಳುಂಟು, 1985ರಲ್ಲಿ ಪ್ರಕಟವಾದ ಬಿ. ಎ. ವಿವೇಕ ರೈಯವರ 'ತುಳು ಜನಪದ ಸಾಹಿತ್ಯ'ದಂಥ ಗ್ರಂಥಗಳುಂಟು. ಕೂಗುವ ಹುಡುಗನಿಗೆ ಬಾಯಿ ಮುಚ್ಚೆನ್ನುವ ಬದಲು, ಈ ದೈವದ ಕತೆ ಪೂರ್ತಿ ಗೊತ್ತೇನಪ್ಪ ಎಂದು ಕೇಳಿ ಪುಸ್ತಕ ಕೈಗಿಟ್ಟರೆ, ಹತ್ತರಲ್ಲಿ ಒಬ್ಬನಾದರೂ ತೆರೆದು ನೋಡುತ್ತಾನೆ. ಹಾಗೆ ತೆರೆದು ನೋಡಿದವನಿಗೆ ವೇಷಕ್ಕಿಂತ ಕತೆ ದೊಡ್ಡದಾಗುತ್ತದೆ. ಅದನ್ನು ಹಾಡಿಕೊಂಡು ಬಂದ ಜನ ಯಾರೆಂಬ ಅರಿವೂ ಮೂಡುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಬೈಯುವುದಕ್ಕೆ ಮುಂಚೆ ನೋಡಬೇಕು. ಮಕ್ಕಳು ಮೆಚ್ಚಿದ ಚಿತ್ರವನ್ನು ಅವರ ಜೊತೆಯಲ್ಲೇ ಕುಳಿತು ಪೂರ್ತಿ ನೋಡಬೇಕು. ಎರಡನೆಯದಾಗಿ, ನೋಡಿದ ಮೇಲೆ ತೀರ್ಪು ಕೊಡದೆ ಒಂದು ಪ್ರಶ್ನೆ ಕೇಳಬೇಕು: ಈ ಕತೆಯಲ್ಲಿ ನೀನು ಯಾರ ಪಕ್ಷ, ಏಕೆ? ಮೂರನೆಯದಾಗಿ, ಆ ಪ್ರಶ್ನೆ ಮುಂದುವರಿಯಲು ಒಂದು ಜಾಗ ಬೇಕು. ಬಡಾವಣೆಯ ಗ್ರಂಥಾಲಯ, ಶಾಲೆಯ ಒಂದು ಕೊಠಡಿ, ದೇವಸ್ಥಾನದ ಜಗಲಿ, ಯಾವುದಾದರೂ ಆದೀತು. 'ಶರಪಂಜರ'ದ ಕಾವೇರಿ ರೋಗದಿಂದ ಗುಣವಾಗಿ ಮನೆಗೆ ಬಂದರೂ ಮನೆ, ನೆರೆಹೊರೆ ಅವಳನ್ನು ರೋಗಿಯೆಂದೇ ಕಾಣುತ್ತವೆ. ಆ ನೋಟವೇ ಅವಳನ್ನು ಮತ್ತೆ ಕೆಡವುತ್ತದೆ. ತರುಣರನ್ನು ಕೆಟ್ಟವರೆಂದೇ ನೋಡುತ್ತಾ ಹೋದರೆ ನಾವು ಅವರಿಗೆ ಮಾಡುವುದೂ ಅದನ್ನೇ.

ಅಭಿಮಾನ ಮಳೆಯ ನೀರಿನಂಥದು. ಬರುವುದನ್ನು ನಿಲ್ಲಿಸಲಾರೆವು, ನಿಲ್ಲಿಸಬೇಕಾಗಿಯೂ ಇಲ್ಲ. ಕಾಲುವೆ ತೋಡಿದ್ದರೆ ಕೆರೆಗೆ ಹೋಗುತ್ತದೆ. ತೋಡದಿದ್ದರೆ ಬೀದಿಗೆ ನುಗ್ಗುತ್ತದೆ. ಮಹದೇವಪುರದಲ್ಲಿ ಒಂದು ಮಳೆಗಾಲ ಕಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆ ತೋಡುವ ಕೆಲಸ ಹಿರಿಯರದು. ಅದನ್ನು ಮಳೆ ಬರುವುದಕ್ಕೆ ಮುಂಚೆ ಮಾಡಬೇಕು.