ನಂಬಿದುದಕ್ಕಾಗಿ ನಿಲ್ಲುವುದು



ತಾನು ಸತ್ಯವೆಂದು ನಂಬಿದುದನ್ನು ನಾಲ್ವರ ಮುಂದೆ ಬಿಟ್ಟುಕೊಡದೆ ಎತ್ತಿಹಿಡಿಯುವುದು ಯಾವ ದೇಶದಲ್ಲಿಯೂ ದೊಡ್ಡ ಗುಣವೇ. ಆದರೆ ಆ ಗುಣವನ್ನು ಹೇಳುವ ಮಾತು ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ಇಂಗ್ಲಿಷಿನ ಇಂತಹ ನುಡಿಗಟ್ಟುಗಳನ್ನು ಸ್ಪೇನ್ ದೇಶದ ಭಾಷೆಗೆ ತಿರುಗಿಸ ಹೊರಟವರು ಪಡುವ ಪಾಡನ್ನು ಕುರಿತು ಈ ದಿನ ಕೆಲವು ಮಾತುಗಳನ್ನು ಅರಿಕೆಮಾಡುವೆವು.

ಇಂಗ್ಲಿಷರ ನುಡಿಯಲ್ಲಿ ಕಡಲಿನ ಉಪ್ಪೂ ಕಾಳಗದ ಮದ್ದಿನ ವಾಸನೆಯೂ ಸೇರಿವೆ. 'ಸ್ಟಿಕ್ ಟು ಯುವರ್ ಗನ್ಸ್' ಎಂದರೆ, ಶತ್ರು ಮೇಲೆ ಬಿದ್ದರೂ ತನ್ನ ಫಿರಂಗಿಯನ್ನು ಬಿಟ್ಟು ಓಡಬೇಡವೆಂದು ಅರ್ಥ. 'ನೇಲ್ ಯುವರ್ ಕಲರ್ಸ್ ಟು ದಿ ಮಾಸ್ಟ್' ಎಂಬುದು ಇನ್ನೊಂದು. ಹಡಗಿನ ಬಾವುಟವನ್ನು ಇಳಿಸುವುದು ಶರಣಾಗತಿಯ ಸಂಕೇತ. ಮೊಳೆ ಹೊಡೆದ ಬಾವುಟವನ್ನು ಇಳಿಸುವಂತಿಲ್ಲ. 1797ರಲ್ಲಿ ಡಚ್ಚರೊಡನೆ ನಡೆದ ಕ್ಯಾಂಪರ್‌ಡೌನ್ ಯುದ್ಧದಲ್ಲಿ ಜ್ಯಾಕ್ ಕ್ರಾಫರ್ಡ್ ಎಂಬ ನಾವಿಕನು ಗುಂಡುಗಳ ನಡುವೆ ಕೂವೆಮರವನ್ನೇರಿ ಹಾಗೆಯೇ ಮಾಡಿದನು.

ಇವನ್ನು ಶಬ್ದಕ್ಕೆ ಶಬ್ದವಿಟ್ಟು ಸ್ಪ್ಯಾನಿಷಿಗೆ ತಂದರೆ ಓದುವವನು ಫಿರಂಗಿಯನ್ನೂ ಮೊಳೆಯನ್ನೂ ಹುಡುಕತೊಡಗುವನು. 'ಸ್ಟ್ಯಾಂಡ್ ಅಪ್' ಎಂಬ ಸರಳವಾದ ಮಾತಿಗೂ ಈ ಅಪಾಯ ತಪ್ಪಿದ್ದಲ್ಲ. ಅದಕ್ಕೆ ಸಾಟಿಯಾಗಿ ತೋರುವ 'ಲೆವಾಂತಾರ್ಸೆ' ಎಂಬ ಕ್ರಿಯಾಪದಕ್ಕೆ ಹಾಸಿಗೆಯಿಂದೇಳುವುದು ಎಂಬ ಅರ್ಥವುಂಟು, ಅರಸನ ಮೇಲೆ ದಂಗೆಯೇಳುವುದು ಎಂಬ ಅರ್ಥವೂ ಉಂಟು!

ಸ್ಪ್ಯಾನಿಷಿಗೆ ತನ್ನದೇ ಆದ ಮಾತುಗಳಿವೆ. ಒಬ್ಬನ ಪರವಾಗಿ ಹೊಣೆ ಹೊತ್ತು ಎದುರಿಗೆ ಬರುವುದನ್ನು 'ದಾರ್ ಲಾ ಕಾರಾ', ಅಂದರೆ ಮುಖ ಕೊಡುವುದು, ಎನ್ನುವರು. ನಾವು ಎದೆಯೊಡ್ಡುವ ಕಡೆ ಅವರು ಮುಖವನ್ನೊಡ್ಡುತ್ತಾರೆ. ಸರ್ವಶಕ್ತಿಯಿಂದ ಕಾಪಾಡುವುದಕ್ಕೆ 'ನಿಲುವಂಗಿಯಿಂದಲೂ ಕತ್ತಿಯಿಂದಲೂ' ಕಾಪಾಡುವುದೆಂದು ಹೇಳುವರು. ಸೋಲೊಪ್ಪದವನನ್ನು 'ತನ್ನ ತೋಳನ್ನು ತಿರುಚಗೊಡದವನು' ಎನ್ನುವರು. ಗರಡಿಯ 'ಪಟ್ಟು' ಎಂಬ ಮಾತನ್ನು ವಾದಕ್ಕೆ ತಂದುಕೊಂಡ ಕನ್ನಡಿಗರಿಗೆ ಇದು ನೆಂಟರ ಮನೆಯ ಮಾತಿನಂತೆಯೇ ಕೇಳಿಸೀತು.

ಇನ್ನೊಂದು ಸ್ವಾರಸ್ಯದ ಮಾತು 'ತನ್ನ ಹದಿಮೂರರಲ್ಲಿ ನಿಲ್ಲುವುದು' ಎಂಬುದು. ಇದರ ಮೂಲವನ್ನು ಹಲವರು ಹದಿಮೂರನೆಯ ಬೆನೆಡಿಕ್ಟ್ ಎಂಬ ಹೆಸರು ಧರಿಸಿದ್ದ ಪೇದ್ರೊ ದೆ ಲೂನನಲ್ಲಿ ಕಾಣುತ್ತಾರೆ. 1417ರಲ್ಲಿ ಕಾನ್‌ಸ್ಟನ್ಸ್ ನಗರದ ಮಹಾಸಭೆ ಆತನನ್ನು ಪದಚ್ಯುತನೆಂದು ಸಾರಿತು. ಆತನಾದರೋ ಪೆನಿಸ್ಕೊಲ ಎಂಬ ಕಡಲ ಕೋಟೆಯಲ್ಲಿ ಸಾಯುವವರೆಗೂ ತಾನೇ ನಿಜವಾದ ಪೋಪನೆಂದು ಹಿಡಿದ ಮಾತನ್ನು ಬಿಡಲಿಲ್ಲ.

ಈ ಹದಿಮೂರರ ಮೇಲೆಯೇ ನಾವು ಒಮ್ಮೆ ಎಡವಿದೆವು. ಆತ್ಮಸಾಕ್ಷಿಗಾಗಿ ಹುದ್ದೆಯನ್ನು ತ್ಯಜಿಸಿದವನೊಬ್ಬನ ವೃತ್ತಾಂತವನ್ನು ಅಭ್ಯಾಸಕ್ಕೆಂದು ತಿರುಗಿಸುತ್ತ, ನಿಘಂಟನ್ನು ನಂಬಿ ಈ ಮಾತನ್ನು ಬಳಸಿದೆವು. ಆ ಭಾಷೆಯನ್ನು ಬಲ್ಲ ಮಿತ್ರರು ಓದಿ, "ಇಂತಹ ಮೊಂಡನನ್ನು ನೀವು ಹೊಗಳುವುದೇತಕ್ಕೆ?" ಎಂದು ಕೇಳಿದರು. ನಮಗೆ ನಾಚಿಕೆಯಾಯಿತು. ಪದದ ಅರ್ಥ ತಪ್ಪಿರಲಿಲ್ಲ. ಆ ಮನುಷ್ಯನ ಮೇಲಣ ತೀರ್ಪು ತಪ್ಪಿತ್ತು. ನಮ್ಮಲ್ಲಿ 'ಛಲ'ಕ್ಕೂ 'ಹಠ'ಕ್ಕೂ ಇರುವ ಅಂತರವೇ ಅಲ್ಲಿ ಅಳಿಸಿಹೋಗಿತ್ತು. ಕೊನೆಗೆ ನುಡಿಗಟ್ಟಿನ ಆಸೆಯನ್ನೇ ಬಿಟ್ಟು, 'ತನ್ನ ನಂಬಿಕೆಗಳಿಗೆ ನಿಷ್ಠನಾಗಿದ್ದನು' ಎಂದು ನೇರವಾಗಿ ಬರೆದೆವು.

ದೃಢತೆಯನ್ನು ಮೊಂಡುತನವೆಂದು ಕರೆಯಲು ಎದುರಾಳಿಗಳು ಎಂದೂ ಸಿದ್ಧರಾಗಿಯೇ ಇರುತ್ತಾರೆ. ಭಾಷಾಂತರಕಾರನು ಅರಿಯದೆ ಅವರ ಪಕ್ಷ ಸೇರಿದರೆ, ತನ್ನ ಮಾತಿಗಾಗಿ ಎಲ್ಲವನ್ನೂ ಕಳೆದುಕೊಂಡವನು ಪರಭಾಷೆಯಲ್ಲಿ ಮಾನವನ್ನೂ ಕಳೆದುಕೊಳ್ಳುವನು. ಆದುದರಿಂದ ನುಡಿಗಟ್ಟನ್ನು ತಿರುಗಿಸುವಾಗ 'ಇದರ ಅರ್ಥವೇನು?' ಎಂದು ಕೇಳಿದರೆ ಸಾಲದು; 'ಇದು ಹೊಗಳಿಕೆಯೋ ತೆಗಳಿಕೆಯೋ?' ಎಂದೂ ಕೇಳಬೇಕು. ಅದಕ್ಕೆ ಉತ್ತರ ನಿಘಂಟಿಗಿಂತ ಆ ಭಾಷೆಯನ್ನಾಡುವವರ ಬಾಯಲ್ಲಿಯೇ ಹೆಚ್ಚಾಗಿ ದೊರೆಯುವುದು.