ಹೆಣ್ಣುಮಕ್ಕಳ ಕಂಪ್ಯೂಟರ್ ನೌಕರಿ ಮತ್ತು ನಮ್ಮ ಸಂಘ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನಕ್ಕೆ ಬಿದ್ದವರು. ಕಂಪ್ಯೂಟರ್ ವಿಷಯಕ್ಕೆ ಇವರನ್ನ ಯಾಕೆ ನಿಲ್ಲಿಸಿದರು ಎಂದು ನಿಮಗೆ ನಗು ಬಂದರೆ ತಪ್ಪಿಲ್ಲ. ಯಂತ್ರದ ಒಳಗಿನದು ನಮಗೆ ತಿಳಿಯದು. ಅದರ ಮುಂದೆ ಕೂತು ದುಡಿಯುವ ನಮ್ಮೂರ ಹೆಣ್ಣುಮಕ್ಕಳ ಸಂಗತಿ ಕಂಡಷ್ಟು ಹೇಳ್ತೇವೆ.

ನಮ್ಮ ಸಂಘ ಕಣ್ಣು ಬಿಟ್ಟ ಕಾಲಕ್ಕೇ, 2000ದ ಸುಮಾರಿಗೆ, 'ಭೂಮಿ' ಯೋಜನೆ ಬಂದು ತಲಾಟಿ ಬರೆಯುತ್ತಿದ್ದ ಉತಾರ ಕಂಪ್ಯೂಟರಿನಿಂದ ಬರತೊಡಗಿತು. ಆಗ ನಾವು ಅಂಜಿದ್ದೆವು. ಈಗ ಹಾವೇರಿ ದೇವಗಿರಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ರಾಣೆಬೆನ್ನೂರಿನ ತರಳಬಾಳು ಜಗದ್ಗುರು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸ್ತಾರೆ. ಬಸ್ ಪಾಸಿನ ಮೇಲೆ ಹೋಗಿ ಬರುವ ಹುಡುಗಿಯರಿದ್ದಾರೆ. ಓದುವುದು ಅಷ್ಟು ಕಷ್ಟವಾಗಿ ಉಳಿದಿಲ್ಲ. ಕಷ್ಟ ಓದಿದ ಮೇಲೆ, ಅದೂ ನಮ್ಮಂಥವರಿಂದ.

ಒಂದು ತಪ್ಪು ಇಲ್ಲೇ ಒಪ್ಪಿಕೊಳ್ಳುತ್ತೇವೆ. 2014ರಲ್ಲಿ ಒಬ್ಬ ಸದಸ್ಯರು ಮಗಳ ಬಿ.ಇ. ಫೀಗೆ ಸಾಲ ಕೇಳಿ ಅರ್ಜಿ ಕೊಟ್ಟರು. ಅದೇ ಸಭೆಗೆ ಮತ್ತೊಬ್ಬರ ಪೈಪ್‌ಲೈನ್ ಅರ್ಜಿಯೂ ಬಂದಿತ್ತು. ಪೈಪ್‌ಲೈನಿಗೆ ಐದು ನಿಮಿಷದಲ್ಲಿ ಮಂಜೂರಾತಿ ಆಯ್ತು. ಹುಡುಗಿಯ ಅರ್ಜಿ ಬಂದಾಗ ನಾವೇ ಬಾಯಿ ಬಿಟ್ಟು ಕೇಳಿದೆವು: "ನಾಳೆ ಮದುವಿ ಆಗಿ ಹೋಗಾಕಿ, ಸಾಲ ಯಾರು ತೀರಸ್ತಾರ?" ಯಾರೂ ಎದುರು ಮಾತಾಡಲಿಲ್ಲ. ಆ ಮನುಷ್ಯ ಹೆಂಡತಿಯ ಬಂಗಾರ ಒತ್ತೆ ಇಟ್ಟು ಓದಿಸಿದ.

ಮುಂದೆ ಆಕೆಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು. 2020ರಲ್ಲಿ ಕೊರೋನಾ ಬಂದಾಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದಳು. ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಮಾತ್ರ ನೆಟ್‌ವರ್ಕ್. ಅಮೇರಿಕದವರಿಗೆ ಬೆಳಗಾದಾಗ ನಮಗೆ ರಾತ್ರಿ ನೋಡ್ರಿ, ಹಾಗಾಗಿ ಹತ್ತು ಗಂಟೆಗೂ ಆಕೆಯ ಮಾತು ನಡೆದಿರುತ್ತಿತ್ತು. ಊರಲ್ಲಿ ಗುಸುಗುಸು ಶುರುವಾಯ್ತು: "ಇಷ್ಟೊತ್ತಿನಾಗ ಯಾರ ಜೋಡಿ ಮಾತು?" ನಾವು ಒಂದಿನ ಮೇಲೆ ಹತ್ತಿ ಕೇಳಿಯೇ ಬಿಟ್ಟೆವು. ಹುಡುಗಿ ಸಿಟ್ಟಾಗಲಿಲ್ಲ. "ಕಾಕಾ, ನೀವು ಫೋನಿನ್ಯಾಗ ರೊಕ್ಕ ಕಳಿಸುವಾಗ ನೆಟ್ ಹೋಗಿ ಎರಡು ಸಲ ಒತ್ತಿದ್ರಿ ಅಂತ ತಿಳೀರಿ. ರೊಕ್ಕ ಒಂದೇ ಸಲ ಹೋಗಬೇಕು. ಹೋಗತೈತೋ ಇಲ್ಲೋ ನೋಡೋದು ನನ್ನ ಕೆಲಸ" ಅಂದಳು. ನಮ್ಮ ಸಂಘದ ಲೆಕ್ಕ ತಪಾಸಣೆಯ ಹಾಗೇ! ಆ ಬಂಗಾರವನ್ನು ಬಿಡಿಸಿಕೊಟ್ಟವಳೂ ಆಕೆಯೇ. ಪೈಪ್‌ಲೈನ್ ಸಾಲ ಮಾತ್ರ ಇವತ್ತಿಗೂ ಸುಸ್ತಿ ಪಟ್ಟಿಯಲ್ಲಿದೆ. ಹೆಸರು ಹೇಳುವುದಿಲ್ಲ, ಅವರೂ ಇಲ್ಲೇ ಕೂತಿದ್ದಾರೆ.

ಹೆಣ್ಣುಮಕ್ಕಳು ದುಡಿಯಲು ಹೊರಗೆ ಹೋಗುವುದು ನಮಗೇನು ಹೊಸದೇ? ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವವರು ಯಾರು? ರಾಣೆಬೆನ್ನೂರ ಕಡೆ ಬೀಜದ ಪ್ಲಾಟಿನಲ್ಲಿ ಹೂವು ಹೂವಿಗೆ ಕ್ರಾಸಿಂಗ್ ಮಾಡುವವರು ಯಾರು? ಅವರು ಕೈ ಉರಿಸಿಕೊಂಡು ಕೂಲಿ ತಂದರೆ ಯಾರೂ ಏನೂ ಅನ್ನುವುದಿಲ್ಲ. ಸಂಬಳದ ಕುರ್ಚಿಯ ಮೇಲೆ ಕೂರಲು ಬೆಂಗಳೂರಿಗೆ ಹೊರಟರೆ ಮಾತ್ರ ನೂರು ಮಾತು.

ನಮ್ಮದೇ ಜಿಲ್ಲೆಯ ಶಿಗ್ಗಾವಿಯಲ್ಲಿ 1950ರಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಹೆಸರು ಎಲ್ಲರಿಗೂ ಗೊತ್ತು. 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದಕ್ಕೆ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದು, ಅದೇ ಕಂಪನಿಯಲ್ಲಿ ಇಂಜಿನಿಯರ್ ಆದರು. 1981ರಲ್ಲಿ ಇನ್ಫೋಸಿಸ್ ಹೂಡಲು ಪತಿಗೆ ಹತ್ತು ಸಾವಿರ ರೂಪಾಯಿ ಕೊಟ್ಟದ್ದನ್ನು ಪ್ರತಿ ಭಾಷಣದಲ್ಲೂ ಹೇಳ್ತಾರೆ. ಆದರೆ ಗಂಡ-ಹೆಂಡತಿಯಲ್ಲಿ ಒಬ್ಬರೇ ಕಂಪನಿಯಲ್ಲಿರಬೇಕು ಎಂದಾಗ ಹಿಂದೆ ಸರಿದವರೂ ಅವರೇ. ಈ ಮಾತನ್ನ ಭಾಷಣಕಾರರು ಹೇಳುವುದು ಕಡಿಮೆ. ಅಂಥವರಿಗೇ ಹೀಗಾದರೆ ನಮ್ಮೂರ ಹುಡುಗಿಯ ಪಾಡೇನು?

ಇಂದು ನಮ್ಮ ದೇಶದ ಈ ಉದ್ಯೋಗದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಹೆಣ್ಣುಮಕ್ಕಳಿದ್ದಾರೆ. ಮೇಲಿನ ಹುದ್ದೆಗೆ ಹೋದಂತೆ ಸಂಖ್ಯೆ ಇಳಿಯುತ್ತದೆ. ಮದುವೆ, ಬಾಣಂತನ ಬರುವ ವಯಸ್ಸಿಗೇ ಬಡ್ತಿಯ ಕಾಲವೂ ಬರುತ್ತದೆ. 2017ರಲ್ಲಿ ಕಾಯದೆ ತಿದ್ದಿ ಮೊದಲ ಎರಡು ಹೆರಿಗೆಗೆ ಸಂಬಳ ಸಹಿತ ರಜೆ 26 ವಾರ ಮಾಡಿದರು, ಒಳ್ಳೆಯದೇ ಆಯ್ತು. ಏಳನೇ ತಿಂಗಳು ಕೂಸು ಯಾರ ತೊಡೆಯ ಮೇಲೆ? ನಾವು ಹೇಳಿದ ಹುಡುಗಿ ರಾಜೀನಾಮೆ ಬರೆದಿಟ್ಟಿದ್ದಳು. ರಾಣೆಬೆನ್ನೂರ ಕಡೆಯ ಅತ್ತೆ, ಅಕ್ಷರ ಬಾರದಾಕಿ, ಎಮ್ಮೆಗಳನ್ನ ಮೈದುನನ ಮನೆಗೆ ಬಿಟ್ಟು ಎರಡು ವರ್ಷ ಬೆಂಗಳೂರಿನಲ್ಲಿ ಮೊಮ್ಮಗನನ್ನ ನೋಡಿಕೊಂಡರು. ನೌಕರಿ ಉಳೀತು.

ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಅಣ್ಣನ ಮಗಳಿಗೆ ಕಂಪನಿಯ ಪತ್ರ ಬಂದಿತ್ತು. ಮೊದಲು ಮದುವೆ ಆಗಲಿ, ಆಮೇಲೆ ನೋಡೋಣ ಅಂದವರಲ್ಲಿ ನಾವೂ ಒಬ್ಬರು. ಐದು ವರ್ಷವಾಯ್ತು. ಈಗ ಅರ್ಜಿ ಹಾಕಿದರೆ ನಡುವೆ ಏನು ಮಾಡಿದಿರಿ ಎಂದು ಕೇಳ್ತಾರಂತೆ. ಆ ಕೆಲಸದಲ್ಲಿ ವರ್ಷ ವರ್ಷ ಹೊಸದು ಕಲಿಯಬೇಕು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಒಳಗಿರುವವರಿಗೇ ಕಡಿತದ ಅಂಜಿಕೆ. ಆಕೆ ಹಬ್ಬಕ್ಕೆ ಬಂದಾಗ ನಮಗೆ ಮುಖ ಎತ್ತಿ ಮಾತಾಡಲು ಆಗುವುದಿಲ್ಲ.

ಆದ್ದರಿಂದ ಮುಂದಿನ ಸರ್ವಸಾಧಾರಣ ಸಭೆಗೆ ಎರಡು ಠರಾವು ತರುತ್ತಿದ್ದೇವೆ. ಹೆಣ್ಣುಮಕ್ಕಳ ತಾಂತ್ರಿಕ ಓದಿಗೆ ಮಧ್ಯಮಾವಧಿ ಸಾಲ. ಹಾಗೂ ಗೋದಾಮಿನ ಮೇಲಿನ ಖಾಲಿ ಕೋಣೆಗೆ ನೆಟ್, ಕರೆಂಟಿಗೆ ಬ್ಯಾಟರಿ, ನಾಲ್ಕು ಟೇಬಲ್. ಊರಿಗೆ ಬಂದು ಕೆಲಸ ಮಾಡುವವರು ತಗಡಿನ ಶೆಡ್ಡಿನಲ್ಲಿ ಕೂರುವುದು ಬೇಡ. ಖರ್ಚಿನ ಅಂದಾಜು ಕಾರ್ಯದರ್ಶಿಗಳ ಹತ್ತಿರ ಇದೆ. ವಿರೋಧ ಇದ್ದವರು ಸಭೆಗೇ ಬಂದು ಹೇಳಿರಿ, ಚಹಾದಂಗಡಿಯಲ್ಲಿ ಬೇಡ.